ಧಾತುವನ್ನೇ ತಿಂದ ಕ್ರಿಯಾಪದ

ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಶ್‌ಗಳೆಲ್ಲ ‘ಕೆಟ್ಟುಹೋದ ಲ್ಯಾಟಿನ್’ ಎನ್ನುವವರು ಈಗಲೂ ಇದ್ದಾರೆ. ಪಾಮರರ ಬಾಯಿಗೆ ಬಿದ್ದು ಭಾಷೆ ಹಾಳಾಯಿತಂತೆ. ಹಾಗಾದರೆ ತಿನ್ನುವ ಕ್ರಿಯಾಪದವನ್ನೇ ನೋಡೋಣ.

ಶಿಷ್ಟ ಲ್ಯಾಟಿನ್ನಿನಲ್ಲಿ ತಿನ್ನುವುದಕ್ಕೆ ‘ಎದೆರೆ’. ಪುಟ್ಟ ಪದ, ರೂಪಗಳೋ ಅಡ್ಡಾದಿಡ್ಡಿ. ‘ತಿನ್ನುತ್ತಾನೆ’ ಎನ್ನಲು ‘ಏಸ್ಟ್’, ‘ಇದ್ದಾನೆ’ ಎನ್ನಲು ‘ಎಸ್ಟ್’. ಆಡುಮಾತಿನಲ್ಲಿ ಹ್ರಸ್ವ-ದೀರ್ಘಗಳ ಭೇದ ಅಳಿದ ಮೇಲೆ ಇರುವವನಾರು, ತಿನ್ನುವವನಾರು? (ಕೊಡು, ಕೋಡು ಒಂದೇ ಆದರೆ ನಮ್ಮ ಗತಿ ಏನಾದೀತು, ಊಹಿಸಿ.) ಗೊಂದಲಕ್ಕೆ ಸಿಕ್ಕಿದ್ದು ಶಿಷ್ಟರ ಪದ, ರಿಪೇರಿ ಮಾಡಿದವರು ಮಾತಾಡುವ ಜನ. ಸ್ಪೇನ್, ಪೋರ್ಚುಗಲ್ಲಿನವರು ಉಪಸರ್ಗ ಹಚ್ಚಿದ ‘ಕೊಮೆದೆರೆ’ಯನ್ನು ಹಿಡಿದರು. ಅದು ಸವೆದು ‘ಕೊಮೆರ್’ ಆಯಿತು. ಅದರಲ್ಲಿ ಉಪಸರ್ಗವಿದೆ, ಕೊನೆಯ ಪ್ರತ್ಯಯವಿದೆ, ತಿನ್ನುವ ಧಾತುವೇ ನಾಪತ್ತೆ! ಆದರೂ ಯಾರೂ ಉಪವಾಸ ಬೀಳಲಿಲ್ಲ. ಉಳಿದವರು ‘ಮಂದೂಕಾರೆ’ ಎಂದರು. ಅಗಿ, ಜಗಿ ಎಂಬರ್ಥದ ಒರಟು ಪದ. ಫ್ರೆಂಚಿನ ‘ಮಾಂಜೆ’, ಇಟಾಲಿಯನ್ನಿನ ‘ಮಾಂಜಾರೆ’ ಅದರ ಮಕ್ಕಳು. ರೊಮೇನಿಯನ್ನರ ಪದವೂ ಅದೇ ಮನೆಯದು.

ಪಾಮರರ ಪದವೆಂದಿರಾ? ಸ್ನಾನದ ಮನೆಯಲ್ಲಿ ಎರಡು ತುತ್ತು ತಿಂದೆನೆಂದು ಆಗಸ್ಟಸ್ ಚಕ್ರವರ್ತಿ ಪತ್ರ ಬರೆದಾಗ ಬಳಸಿದ್ದು ಇದನ್ನೇ. ಸ್ವೆಟೋನಿಯಸ್ ಅದನ್ನು ದಾಖಲಿಸಿದ್ದಾನೆ. 4ನೇ ಶತಮಾನದ ಕೊನೆಗೆ ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್ ಸಿಸೆರೋನನ್ನು ಅರೆದು ಕುಡಿದವನು. ಅವನ ಅನುವಾದದಲ್ಲೂ ಇದು ಧಾರಾಳವಾಗಿದೆ. ಇವರಿಬ್ಬರನ್ನೂ ಭಾಷೆ ಕೆಡಿಸಿದವರ ಪಟ್ಟಿಗೆ ಸೇರಿಸುತ್ತೀರಾ?