ಧೂಳಿನಲ್ಲಿ ಕಥೆಯಿಲ್ಲ ಎಂದವರಾರು?

ಮೋಟೋಕ್ರಾಸ್ ಬೈಕ್ ರೇಸ್ ಎಂದರೆ ಬರೀ ಧೂಳು, ಗದ್ದಲ. ಅದರಲ್ಲಿ ಸಿನಿಮಾಕ್ಕೆ ಬೇಕಾದ ಕಥೆ ಎಲ್ಲಿದೆ ಎಂದು ಕಳೆದ ಸಂಚಿಕೆಯ ಲೇಖಕರು ಕೇಳಿದ್ದಾರೆ. ಆ ಗದ್ದಲವನ್ನು ಕೇಳಿಸಿಕೊಳ್ಳದೆಯೇ ಚಾಂಪಿಯನ್ ಆದ ಆಶ್ಲಿ ಫಿಯೊಲೆಕ್ ಹೆಸರು ಅವರ ಕಿವಿಗೆ ಬಿದ್ದಂತಿಲ್ಲ.

ಹುಟ್ಟಿನಿಂದಲೇ ಕಿವಿ ಕೇಳದ ಈಕೆ 2008, 2009, 2011, 2012ರಲ್ಲಿ ಅಮೆರಿಕದ ಮಹಿಳಾ ಮೋಟೋಕ್ರಾಸ್ ಪಟ್ಟ ಗೆದ್ದರು. ಎಂಜಿನ್ನಿನ ಸದ್ದು ಕೇಳಿ ಗೇರ್ ಬದಲಿಸುವುದು ಉಳಿದವರ ರೂಢಿ. ಈಕೆ ಬೈಕಿನ ನಡುಕವನ್ನು ಮೈಯಲ್ಲೇ ಗುರುತಿಸಿ ಬದಲಿಸುತ್ತಿದ್ದರು. ಹಿಂದಿನಿಂದ ಯಾರಾದರೂ ನುಗ್ಗಿ ಬರುತ್ತಿದ್ದಾರೆಯೇ ಎಂದು ತಿಳಿಯಲು ನೆಲದ ಮೇಲೆ ಬೀಳುವ ನೆರಳಿನತ್ತಲೂ ಕಣ್ಣಿಡಬೇಕಿತ್ತು. ಚಿತ್ರಮಂದಿರದ ಅಬ್ಬರವೆಲ್ಲ ತಟಕ್ಕನೆ ನಿಂತು, ಪರದೆಯ ಮೇಲೆ ಆ ನೆರಳೊಂದೇ ಹತ್ತಿರವಾಗುತ್ತಾ ಬಂದರೆ? ಇದಕ್ಕಿಂತ ಒಳ್ಳೆಯ ದೃಶ್ಯವನ್ನು ಯಾವ ಚಿತ್ರಕಥೆಗಾರ ಕೂತು ಹೊಸೆದಾನು?

ಬಿದ್ದು, ಎದ್ದು, ಗೆಲ್ಲುವ ಸವಕಲು ಸೂತ್ರ ಎಂಬ ಆಕ್ಷೇಪವೂ ಇದೆ. (ನಮ್ಮ ಕ್ರೀಡಾ ಚಿತ್ರಗಳನ್ನು ನೋಡಿದವರಿಗೆ ಆ ಬೇಸರ ಸಹಜ, ಒಪ್ಪೋಣ.) ಮೋಟೋಕ್ರಾಸ್ ಸವಾರ ಡಗ್ ಹೆನ್ರಿ 1995ರಲ್ಲಿ ಬೆನ್ನುಮೂಳೆ ಮುರಿದುಕೊಂಡರು, 1998ರಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದರು. ಸೂತ್ರದ ಪ್ರಕಾರ ಅಲ್ಲಿಗೆ ‘ಶುಭಂ’ ಬೀಳಬೇಕಿತ್ತು. ಆದರೆ 2007ರ ಇನ್ನೊಂದು ಅಪಘಾತದಲ್ಲಿ ಕಾಲುಗಳ ಸ್ವಾಧೀನವೇ ಹೋಯಿತು. ಆಮೇಲೂ ತಮಗೆ ತಕ್ಕಂತೆ ಮಾರ್ಪಡಿಸಿದ ಬೈಕ್ ಏರಿ ಸ್ಪರ್ಧೆಗಿಳಿದರು. ಇದು ಯಾವ ಸೂತ್ರ ಎಂದು ಲೇಖಕರೇ ಹೇಳಲಿ.