ವೃದ್ಧರೂ ದೂರವಾಣಿಯೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಊರುಗಳಲ್ಲಿ ಮನೆಯ ತಂತಿ ದೂರವಾಣಿಯು ಒಂದೊಂದಾಗಿ ಮೂಕವಾಗುತ್ತ ನಡೆದಿರುವದು ವಾಚಕರಿಗೆ ಹೊಸ ಸಂಗತಿಯಲ್ಲ. 08359, 08488, 08356, 08358 ಎಂಬ ಅಂಕಿಗಳು ಒಂದು ಕಾಲಕ್ಕೆ ಪರಊರಿನಲ್ಲಿದ್ದ ನಮ್ಮ ಮಕ್ಕಳಿಗೆ ಬಾಯಿಪಾಠವಾಗಿದ್ದವು. ಇಂದು ಅವುಗಳನ್ನು ಒತ್ತುವವರು ವಿರಳ. ತರುಣರಿಗೆ ಇದರಿಂದ ಹಾನಿಯೇನೂ ಆಗಿಲ್ಲ. ಅವರ ಕಿಸೆಯಲ್ಲಿ ಮೊಬೈಲು ಇದ್ದೇ ಇದೆ. ಹಾನಿಯೆಲ್ಲ ವಯೋವೃದ್ಧರ ಪಾಲಿಗೆ ಬಂದಿದೆ. ಮಕ್ಕಳು ಪುಣೆ, ಸೊಲ್ಲಾಪುರ, ಗೋವೆ, ಬೆಂಗಳೂರುಗಳಿಗೆ ದುಡಿಯಹೋಗಿ, ತಂದೆ-ತಾಯಿಗಳಿಬ್ಬರೇ ಉಳಿದ ಮನೆಗಳು ನಮ್ಮಲ್ಲಿ ಓಣಿ ಓಣಿಗೂ ಇವೆ. ಅಂಥ ಮನೆಗೆ ದೂರವಾಣಿಯು ವಿಲಾಸದ ವಸ್ತುವಲ್ಲ. ನಡುರಾತ್ರಿ ಎದೆನೋವು ಬಂದರೆ 108ರ ಗಾಡಿಯನ್ನು ಕರೆಯುವದಕ್ಕೆ ಅದೊಂದೇ ಆಧಾರ.

ತಂತಿ ದೂರವಾಣಿಯು ಹಳ್ಳಿಗೆ ಬಂದ ಬಗೆಯಲ್ಲಿ ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿಯೊಂದಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯು ಹವಾನಿಯಂತ್ರಣದ ಹಂಗಿಲ್ಲದೆ ನಮ್ಮ ಬಿಸಿಲು-ಧೂಳುಗಳನ್ನು ತಾಳುವ ಚಿಕ್ಕ ಗ್ರಾಮೀಣ ವಿನಿಮಯ ಕೇಂದ್ರವನ್ನು ನಿರ್ಮಿಸಿತು. ಅದರ ಮೊದಲನೆಯದು 1986ರಲ್ಲಿ ನಮ್ಮ ಕಿತ್ತೂರಿನಲ್ಲಿಯೇ ಕಾರ್ಯಾರಂಭ ಮಾಡಿತು. 2000ದ ಅಕ್ಟೋಬರದಲ್ಲಿ ಸರಕಾರದ ದೂರವಾಣಿ ಖಾತೆಯು ಬಿ.ಎಸ್.ಎನ್.ಎಲ್. ಕಂಪನಿಯಾಯಿತು. 2020ರ ಜನೇವರಿ 31ರಂದು ಆ ಕಂಪನಿಯ ಸುಮಾರು 78,000 ನೌಕರರು ಸ್ವಯಂನಿವೃತ್ತಿ ಹೊಂದಿ ಒಂದೇ ದಿನ ಹೊರಬಿದ್ದರು. ಅದು ಇದ್ದ ಸಿಬ್ಬಂದಿಯ ಸುಮಾರು ಅರ್ಧ. ತಾಮ್ರದ ತಂತಿಗೆ ಲೈನಮನ್ನನೇ ಪ್ರಾಣ. ರಸ್ತೆ ಅಗೆದಾಗಲೊಮ್ಮೆ ತುಂಡಾಗುವ ತಂತಿಯನ್ನು ಜೋಡಿಸುವ ಕೈಗಳು ಕಡಮೆಯಾದ ಮೇಲೆ ದೂರವಾಣಿಯು ಬಾಳೀತೆಂತು? ಇದಕ್ಕಾಗಿ ಈಗ ಕಣ್ಣೀರು ಸುರಿಸುತ್ತ ಕುಳಿತು ಫಲವಿಲ್ಲ. ಬದಲಿಗೆ ಏನು ಎಂಬುದನ್ನೇ ವಿಚಾರಿಸತಕ್ಕದ್ದು.

ಮೊದಲು, ಹಳೆಯ ಸಾಧನವು ಹಿರಿಯರಿಗೆ ಏಕೆ ಒಗ್ಗಿತ್ತೆಂಬುದನ್ನು ತಿಳಿಯಬೇಕು. ಅದು ಇಟ್ಟಲ್ಲಿಯೇ ಇರುತ್ತಿತ್ತು. ಅದರ ಗಂಟೆಯು ಹಿತ್ತಲಿಗೂ ಕೇಳುತ್ತಿತ್ತು. ವಿನಿಮಯ ಕೇಂದ್ರದಿಂದಲೇ ತಂತಿಯಲ್ಲಿ ವಿದ್ಯುತ್ತು ಬರುತ್ತಿದ್ದುದರಿಂದ ಮನೆಯಲ್ಲಿ ಕರೆಂಟು ಹೋದರೂ ಮಾತು ನಿಲ್ಲುತ್ತಿರಲಿಲ್ಲ. ಬದಲಿ ಸಾಧನವನ್ನು ಈ ಗುಣಗಳಿಂದಲೇ ಅಳೆಯಬೇಕು.

ಬದಲಿಗಳು ಮುಖ್ಯವಾಗಿ ಮೂರು. ಒಂದನೆಯದು ಗಾಜಿನ ಎಳೆಯ ಫೈಬರ ದೂರವಾಣಿ. ಬಿ.ಎಸ್.ಎನ್.ಎಲ್.ನ ತಂತಿಯಿಂದ ಅದೇ ಕಂಪನಿಯ ಫೈಬರಿಗೆ ಹೋಗುವವರು ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಆದರೆ ಇದರ ಪೆಟ್ಟಿಗೆಗೆ ಮನೆಯ ವಿದ್ಯುತ್ತೇ ಬೇಕು. ಇನ್ವರ್ಟರ ಇಲ್ಲದ ಮನೆಯಲ್ಲಿ ಕರೆಂಟಿನೊಡನೆ ಮಾತೂ ಹೋಗುವದು. ಮೇಲಾಗಿ ಬೇಡದ ಇಂಟರ್ನೆಟ್ಟಿಗೂ ಹಣ ತೆರಬೇಕು. ಓದುವ ಮೊಮ್ಮಕ್ಕಳಿರುವ ಮನೆಗೆ ಇದು ತಕ್ಕದ್ದು. ಇಬ್ಬರೇ ಹಿರಿಯರಿರುವ ಮನೆಗೆ ದುಬಾರಿ.

ಎರಡನೆಯದು ಸಿಮ್ಮು ಹಾಕುವ ಮೇಜಿನ ದೂರವಾಣಿ. ನೋಟಕ್ಕೆ ಹಳೆಯದರಂತೆಯೇ ಇದ್ದು, ಕಿವಿಗಾನಿಸುವ ಹಿಡಿಕೆಯೂ ದೊಡ್ಡ ಗುಂಡಿಗಳೂ ಇರುವದರಿಂದ ವೃದ್ಧರ ಕೈಗೆ ತಟ್ಟನೆ ಒಗ್ಗುವದು. ಒಳಗೆ ಬ್ಯಾಟರಿಯಿರುವದರಿಂದ ಕರೆಂಟು ಹೋದರೂ ಕೆಲಹೊತ್ತು ನಡೆಯುವದು. ಮೂರನೆಯದು ಸಾದಾ ಗುಂಡಿಯ ಮೊಬೈಲು. ಇದು ಎಲ್ಲಕ್ಕೂ ಅಗ್ಗ. ಅದನ್ನು ಹಳೆಯ ದೂರವಾಣಿಯ ಜಾಗದಲ್ಲಿಯೇ ಇಟ್ಟು ಅಲ್ಲಿಯೇ ಚಾರ್ಜು ಮಾಡಿದರೆ ಹುಡುಕುವ ತಾಪತ್ರಯವೂ ತಪ್ಪುವದು. ಕೊಳ್ಳುವವರು ಒಂದು ಮಾತನ್ನು ಮರೆಯಬಾರದು: ಜಿಯೋ ಸಿಮ್ಮು 4ಜಿ ಉಪಕರಣದಲ್ಲಿಯೇ ನಡೆಯುವದು, ಹಳೆಯ 2ಜಿ ಸೆಟ್ಟಿನಲ್ಲಿ ನಡೆಯುವದಿಲ್ಲ. ಮನೆಯೊಳಗೆ ಯಾವ ಕಂಪನಿಯ ಸಂಕೇತ ಸರಿಯಾಗಿ ಸಿಕ್ಕುವದೆಂದು ನೋಡಿಯೇ ಸಿಮ್ಮು ಕೊಳ್ಳಬೇಕು.

ಆದರೆ ಉಪಕರಣದ ಬೆಲೆಯನ್ನು ಒಮ್ಮೆ ಕೊಟ್ಟರೆ ತೀರಿತು. ನಿಜವಾದ ತೊಡಕು ತಿಂಗಳು ತಿಂಗಳಿನ ದರದಲ್ಲಿದೆ. 2024ರ ಜುಲೈಯಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಏರಟೆಲ್ಲಿನ 28 ದಿನಗಳ ಕನಿಷ್ಠ ಯೋಜನೆಯು 179ರಿಂದ 199 ರೂಪಾಯಿಗೂ ಜಿಯೋದ್ದು 155ರಿಂದ 189ಕ್ಕೂ ಹೋಯಿತು. 28 ದಿನಕ್ಕೊಂದು ತಿಂಗಳೆಂದು ಎಣಿಸಿದರೆ ವರ್ಷಕ್ಕೆ ಹದಿಮೂರು ತಿಂಗಳಾಗುವವು! 199ರಂತೆ ಹದಿಮೂರು ಸಲ ಕೊಟ್ಟರೆ 2,587 ರೂಪಾಯಿ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಮಾಸಾಶನವು 2021ರ ಏರಿಕೆಯಿಂದ 1,200 ರೂಪಾಯಿಯಾಯಿತು. ಅದನ್ನೇ ನಂಬಿದ ಮುದುಕಿಯು ಅದರ ಆರರಲ್ಲೊಂದು ಪಾಲನ್ನು ಮಾತಿಗಾಗಿ ತೆರಬೇಕೆಂಬುದು ಯಾವ ನ್ಯಾಯ? ಅದರಲ್ಲಿಯೂ ಅವಳು ಎಂದೂ ಮುಟ್ಟದ ಡೇಟಾದ ಬೆಲೆ ಸೇರಿರುವದು.

ಈ ಅನ್ಯಾಯವು ಮೇಲಿನವರ ಗಮನಕ್ಕೆ ಬಾರದೆ ಉಳಿದಿಲ್ಲ. ಕೇಂದ್ರದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, 2024ರ ಡಿಸೆಂಬರ 23ರಂದು ನಿಯಮವನ್ನು ತಿದ್ದಿ, ಪ್ರತಿಯೊಂದು ಕಂಪನಿಯೂ ಮಾತು ಮತ್ತು ಎಸ್.ಎಮ್.ಎಸ್. ಮಾತ್ರ ಇರುವ ಒಂದು ಯೋಜನೆಯನ್ನಾದರೂ ಇಡಲೇಬೇಕೆಂದು ವಿಧಿಸಿತು. 365 ದಿನಗಳ ವರೆಗೆ ಅವಧಿ ಕೊಡಲು ಅವಕಾಶ ಮಾಡಿತು. ಅದರಂತೆ 2025ರ ಜನೇವರಿಯಲ್ಲಿ ಏರಟೆಲ್ 365 ದಿನಕ್ಕೆ 1,849 ರೂಪಾಯಿಯ, ಜಿಯೋ 336 ದಿನಕ್ಕೆ 1,748 ರೂಪಾಯಿಯ ಯೋಜನೆಗಳನ್ನು ಹೊರಡಿಸಿದವು. ದಿನಕ್ಕೆ ಸುಮಾರು ಐದು ರೂಪಾಯಿ. ಹಿಂದಿನ ಲೆಕ್ಕಕ್ಕೆ ಹೋಲಿಸಿದರೆ ವರ್ಷಕ್ಕೆ ಏಳು ನೂರು ರೂಪಾಯಿಗೂ ಮಿಕ್ಕ ಉಳಿತಾಯ. 28 ದಿನಕ್ಕೊಮ್ಮೆ ಅಂಗಡಿಗೆ ಅಲೆಯುವದೂ ತಪ್ಪಿತು. ದರಗಳು ಬದಲಾಗುತ್ತಿರುವವು, ಆದುದರಿಂದ ಕೊಳ್ಳುವ ದಿನ ಕೇಳಿಯೇ ಕೊಳ್ಳತಕ್ಕದ್ದು.

ಆದರೆ ಈ ಯೋಜನೆಯ ಹೆಸರನ್ನು ಕೇಳಿದ ಹಿರಿಯರು ಎಷ್ಟು ಜನ? ಅಂಗಡಿಕಾರನು ತೋರಿಸುವದು ಡೇಟಾ ಇರುವ ಯೋಜನೆಯನ್ನೇ. ನಿಯಮವು ಕಾಗದದ ಮೇಲಿದ್ದು ಫಲವು ಮುದುಕರ ಕೈ ಸೇರದಿದ್ದರೆ ಅದು ಇದ್ದೂ ಇಲ್ಲದಂತೆಯೇ ಸರಿ. ವರ್ಷದ ಹಣವನ್ನು ಒಮ್ಮೆಲೇ ಕೊಡುವದು ಮಾಸಾಶನದವರಿಗೆ ಕಠಿಣವೆಂಬುದೂ ನಿಜ. ಪರಊರಿನಲ್ಲಿ ದುಡಿಯುವ ಮಕ್ಕಳು ಯುಗಾದಿಗೊಮ್ಮೆ ಹಡೆದವರಿಗೆ ಹೊಸ ಬಟ್ಟೆ ತರುವಂತೆಯೇ ಈ ಹಣವನ್ನೂ ತುಂಬಬೇಕೆಂದು ನಾವು ಸೂಚಿಸುತ್ತೇವೆ.

ಹಿರಿಯರಿಗೂ ಸ್ಮಾರ್ಟಫೋನು ಕೊಟ್ಟು ಕಲಿಸಬಾರದೇಕೆಂದು ಕೆಲವರು ಕೇಳುವರು. ಕಲಿಯುವ ಹವ್ಯಾಸವಿದ್ದವರು ಅವಶ್ಯ ಕಲಿಯಲಿ. ಆದರೆ ಪೋಲೀಸರ ವೇಷದಲ್ಲಿ ಪರದೆಯ ಮೇಲೆ ಕಾಣಿಸಿಕೊಂಡು, ‘ಡಿಜಿಟಲ್ ಅರೆಸ್ಟ’ ಎಂದು ಬೆದರಿಸಿ ವೃದ್ಧರ ಜನ್ಮದ ಗಳಿಕೆಯನ್ನು ದೋಚುವ ದುಷ್ಟರು ಹೆಚ್ಚಿರುವ ಈ ಕಾಲದಲ್ಲಿ ಒಲ್ಲದವರಿಗೆ ಅದನ್ನು ಒತ್ತಾಯದಿಂದ ಹಿಡಿಸುವದು ವಿವೇಕವಲ್ಲ. ಸಾದಾ ದೂರವಾಣಿಗೂ ವಂಚಕರ ಕರೆ ಬಂದೀತು. ಬ್ಯಾಂಕಿನ ಗುಪ್ತ ಅಂಕಿಯು ಇದೇ ಸಿಮ್ಮಿಗೆ ಬರುವಂತೆ ಮಾಡಿದ್ದರೆ ಅದನ್ನು ಯಾರಿಗೂ ಹೇಳಬಾರದೆಂದೂ, ಹಣ ಹೋದರೆ ತಡಮಾಡದೆ 1930ಕ್ಕೆ ತಿಳಿಸಬೇಕೆಂದೂ ಮನೆಯವರು ತಿಳಿಹೇಳಬೇಕು. ವೃದ್ಧರ ಸಹಾಯವಾಣಿಯಾದ 14567 ಮತ್ತು 108 ಈ ಎರಡನ್ನೂ ದಪ್ಪ ಅಕ್ಷರದಲ್ಲಿ ಬರೆದು ದೂರವಾಣಿಯ ಮಗ್ಗುಲಿಗೆ ಅಂಟಿಸಬೇಕು.

ಇನ್ನು ಸರಕಾರದ ಕರ್ತವ್ಯ. ಹಳ್ಳಿಗಾಡಿಗೆ ದೂರವಾಣಿಯನ್ನು ಮುಟ್ಟಿಸಲೆಂದು 2002ರಲ್ಲಿ ಆರಂಭವಾದ ನಿಧಿಯು 2023ರ ದೂರಸಂಪರ್ಕ ಕಾಯಿದೆಯಿಂದ ‘ಡಿಜಿಟಲ್ ಭಾರತ ನಿಧಿ’ ಎಂಬ ಹೆಸರು ಪಡೆಯಿತು. 2025ರ ಸಪ್ಟೆಂಬರ 27ರಂದು ಬಿ.ಎಸ್.ಎನ್.ಎಲ್.ನ ಸ್ವದೇಶೀ 4ಜಿ ಜಾಲವು 97,500ಕ್ಕೂ ಮಿಕ್ಕಿದ ಗೋಪುರಗಳೊಡನೆ ಉದ್ಘಾಟನೆಯಾಯಿತು. ಅದರ ತಿರುಳನ್ನು ನಿರ್ಮಿಸಿದ್ದು ಕಿತ್ತೂರಿಗೆ ಯಂತ್ರ ಕೊಟ್ಟ ಅದೇ ಸಿ-ಡಾಟ್. ಗೋಪುರದ ಉಪಕರಣಗಳನ್ನು ಕೊಟ್ಟದ್ದು ನಮ್ಮ ಬೆಂಗಳೂರಿನ ತೇಜಸ್ ಕಂಪನಿ. ನಿಧಿಯೂ ಇದೆ, ಜಾಲವೂ ಇದೆ. ಮಾಸಾಶನ ಪಡೆಯುವ ವೃದ್ಧರಿಗೆ ಮಾತು ಮಾತ್ರದ ವಾರ್ಷಿಕ ಯೋಜನೆಯನ್ನು ಈ ನಿಧಿಯ ನೆರವಿನಿಂದ ಅಲ್ಪ ದರದಲ್ಲಿ ಕೊಡುವದು ಅಸಾಧ್ಯವಲ್ಲ.

ದಿಲ್ಲಿಯ ನಿರ್ಣಯಕ್ಕೆ ಕಾಯದೆ ನಮ್ಮ ನಾಲ್ಕು ತಾಲೂಕುಗಳ ಅಧಿಕಾರಿಗಳೇ ಮಾಡಬಹುದಾದ ಕೆಲಸವೂ ಇದೆ. ಟಪಾಲು ಕಚೇರಿ, ತಹಶೀಲದಾರ ಕಚೇರಿ, ಗ್ರಾಮ ಒನ್ ಕೇಂದ್ರಗಳಲ್ಲಿ ಮಾತು ಮಾತ್ರದ ಯೋಜನೆಗಳ ದರಪಟ್ಟಿಯನ್ನು ಕನ್ನಡದಲ್ಲಿ ತೂಗುಹಾಕಲಿ. ದೂರವಾಣಿ ಖಾತೆಯವರು ಯಾವ ಮನೆಯ ತಂತಿಯನ್ನು ಕೈಬಿಡುವ ಮೊದಲೂ ಕನ್ನಡದಲ್ಲಿ ಲಿಖಿತ ಸೂಚನೆ ಕೊಟ್ಟು, ಬದಲಿ ಏನೆಂಬುದನ್ನೂ ಹಳೆಯ ಸಂಖ್ಯೆ ಉಳಿಯುವದೋ ಇಲ್ಲವೋ ಎಂಬುದನ್ನೂ ತಿಳಿಸಲಿ. ಇದಕ್ಕೆ ಹೊಸ ಕಾಯಿದೆಯೂ ಬೇಡ, ದೊಡ್ಡ ವೆಚ್ಚವೂ ಬೇಡ. ಈ ಅಲ್ಪ ಕಾರ್ಯವನ್ನು ನಮ್ಮ ಅಧಿಕಾರಿವರ್ಗವು ಬರುವ ಮಳೆಗಾಲದ ಒಳಗಾಗಿ ನೆರವೇರಿಸುವದೆಂದು ಆಶಿಸುತ್ತೇವೆ.