ಮನೆ ಕಾದು ನಾಯಿಗಳನ್ನು ನೋಡಿಕೊಳ್ಳುವವನಿಗೆ ಸಲ್ಲತಕ್ಕ ಸಂಬಳ

ಹೊಲದ ಮನೆಗಳಲ್ಲಿಯೂ ತೋಟದ ಮನೆಗಳಲ್ಲಿಯೂ ವಾಸಮಾಡುವ ನಮ್ಮ ಭೂಮಾಲೀಕರು ವರ್ಷದಲ್ಲಿ ಹಲವು ಸಾರಿ ಮನೆಯನ್ನು ಬಿಟ್ಟು ಪರಸ್ಥಳಕ್ಕೆ ಹೋಗಬೇಕಾಗುವುದು. ಮದುವೆ ಮುಂಜಿಗಳು, ತೀರ್ಥಯಾತ್ರೆ, ಆಸ್ಪತ್ರೆಯ ಕೆಲಸ, ನ್ಯಾಯಸ್ಥಾನದ ವ್ಯವಹಾರ, ಪಟ್ಟಣದಲ್ಲಿ ನೆಲಸಿರುವ ಮಕ್ಕಳನ್ನು ನೋಡಿಬರುವುದು, ಇವುಗಳಲ್ಲಿ ಒಂದಲ್ಲ ಒಂದು ಕಾರಣವು ಬಂದೇ ಬರುವುದು. ಅವಿಭಕ್ತ ಕುಟುಂಬಗಳು ಹೆಚ್ಚಾಗಿದ್ದ ಕಾಲದಲ್ಲಿ ಮನೆಯಲ್ಲಿ ಯಾರಾದರೊಬ್ಬರು ಉಳಿಯುತ್ತಿದ್ದರು. ಈಗ ಅನೇಕ ಮನೆಗಳಲ್ಲಿ ವಯಸ್ಸಾದ ದಂಪತಿಗಳಿಬ್ಬರೇ ಇರುವುದರಿಂದ ಅವರು ಹೊರಟರೆಂದರೆ ಮನೆಗೆ ಬೀಗ ಬಿದ್ದಂತೆಯೇ ಸರಿ.

ಹೀಗೆ ಹೊರಡುವಾಗ ದನಕರುಗಳ ವಿಷಯದಲ್ಲಿ ಹತ್ತು ಸಾರಿ ಆಲೋಚಿಸಿ ಏರ್ಪಾಡು ಮಾಡುವ ಯಜಮಾನನು ನಾಯಿಗಳ ವಿಷಯದಲ್ಲಿ ಮಾತ್ರ, "ಅವಕ್ಕೂ ಒಂದಿಷ್ಟು ಅನ್ನ ಹಾಕುತ್ತಿರಪ್ಪಾ" ಎಂದು ಆಳಿಗೆ ಹೇಳಿ ಬಂಡಿ ಹತ್ತಿಬಿಡುವನು. ಎಷ್ಟು ಅನ್ನ, ಯಾವ ಹೊತ್ತಿನಲ್ಲಿ, ಯಾರ ಖರ್ಚಿನಿಂದ, ಆ ಕೆಲಸಕ್ಕೆ ಕೂಲಿ ಎಷ್ಟು ಎಂಬ ಮಾತೇ ಬರುವುದಿಲ್ಲ. ಆಳು ತನ್ನ ಮಗನಿಗೆ ಹೇಳುವನು. ಮಗನು ನೆರೆಮನೆಯ ಹುಡುಗನಿಗೆ ಹೇಳುವನು. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತೆಂಬ ಗಾದೆಯು ನಾಯಿಯ ಪಾಲಿಗೇ ನಿಜವಾಗುವುದು. ಯಜಮಾನನು ಮರಳಿ ಬಂದು ಬಡಕಲಾದ ನಾಯಿಯನ್ನು ನೋಡಿ ಆಳನ್ನು ಬಯ್ಯುವನು. ಆದರೆ ಗೊತ್ತುಮಾಡದ ಕೆಲಸಕ್ಕೆ, ಕೊಡದ ಸಂಬಳಕ್ಕೆ, ಯಾರನ್ನು ಹೊಣೆಮಾಡುವುದು?

ಈ ಚಾಕರಿಯನ್ನು ಕೂಲಿಯ ಕೆಲಸವೆಂದು ಎಣಿಸಿ, ಅದರ ಸಂಬಳವನ್ನು ಹೊರಡುವುದಕ್ಕೆ ಮುಂಚೆಯೇ ಗೊತ್ತುಮಾಡತಕ್ಕದ್ದು. ಮತ್ತು ಆ ಸಂಬಳವನ್ನು ನಾಯಿಗಳ ಆಹಾರದ ಹಣದೊಡನೆ ಎಂದಿಗೂ ಬೆರೆಸಕೂಡದು ಎಂಬುದೇ ನಮ್ಮ ಅಭಿಪ್ರಾಯ.

ಎರಡನೆಯ ಮಾತನ್ನು ಮೊದಲು ವಿವರಿಸುವೆವು. ಯಜಮಾನನು ಎರಡು ಸಾವಿರ ರೂಪಾಯಿಗಳನ್ನು ಒಟ್ಟಾಗಿ ಕೊಟ್ಟು, "ಇದರಲ್ಲಿಯೇ ನಾಯಿಗಳಿಗೂ ಹಾಕು, ಮಿಕ್ಕದ್ದು ನಿನಗೆ" ಎಂದು ಹೇಳುವನೆಂದಿಟ್ಟುಕೊಳ್ಳಿರಿ. ಇದು ಉದಾರವಾದ ಮಾತೆಂದು ತೋರಬಹುದು. ನಿಜವಾಗಿ ನೋಡಿದರೆ, ನಾಯಿಯು ತಿಂದಷ್ಟೂ ಕಾವಲುಗಾರನಿಗೆ ನಷ್ಟ, ನಾಯಿಯು ಉಪವಾಸವಿದ್ದಷ್ಟೂ ಅವನಿಗೆ ಲಾಭ ಎಂಬ ಏರ್ಪಾಡನ್ನು ಯಜಮಾನನೇ ಮಾಡಿಟ್ಟಂತಾಯಿತು. ಮನೆಯಲ್ಲಿ ಹಸಿದ ಮಕ್ಕಳಿರುವ ಮನುಷ್ಯನನ್ನು ಇಂತಹ ಪರೀಕ್ಷೆಗೆ ಒಡ್ಡುವುದು ನ್ಯಾಯವಲ್ಲ. ಅವನು ಪ್ರಾಮಾಣಿಕನಾಗಿದ್ದರೆ ತನ್ನ ಕೂಲಿಯನ್ನು ಕಳೆದುಕೊಳ್ಳುವನು. ಇಲ್ಲದಿದ್ದರೆ ನಾಯಿಯು ತನ್ನ ಹೊಟ್ಟೆಯನ್ನು ಕಳೆದುಕೊಳ್ಳುವುದು. ಆದಕಾರಣ ಕೂಲಿಯ ಲೆಕ್ಕ ಒಂದು, ಆಹಾರದ ಲೆಕ್ಕ ಒಂದು, ಆಪತ್ತಿನ ಲೆಕ್ಕ ಒಂದು, ಹೀಗೆ ಮೂರು ಲೆಕ್ಕಗಳನ್ನು ಬೇರೆ ಬೇರೆಯಾಗಿ ಇಡುವುದು ಒಳ್ಳೆಯದು.

ಮೊದಲನೆಯದು ಕೂಲಿ. ಹಗಲೂ ರಾತ್ರಿಯೂ ಯಜಮಾನನ ಮನೆಯಲ್ಲಿಯೇ ಇದ್ದು ಕಾಯುವವನಿಗೆ, ಆ ಊರಿನಲ್ಲಿ ಹೊಲದ ಕೆಲಸಕ್ಕೆ ನಡೆಯುವ ಒಂದು ದಿನದ ಪೂರ್ಣ ಕೂಲಿಯು ಇಪ್ಪತ್ತನಾಲ್ಕು ಗಂಟೆಗಳಿಗೆ ಅತ್ಯಂತ ಕಡಿಮೆಯ ದರವೆಂದು ನಾವು ಭಾವಿಸುತ್ತೇವೆ. 2025-26ನೆಯ ಸಾಲಿನಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ಕೂಲಿಯು ಕರ್ನಾಟಕದಲ್ಲಿ ದಿನಕ್ಕೆ 370 ರೂಪಾಯಿಗಳೆಂದು ಗೊತ್ತಾಗಿತ್ತು. ಊರಿನ ದರವು ಎಷ್ಟೇ ಇರಲಿ, ಇದಕ್ಕಿಂತ ಇಳಿಯುವುದು ಸರಿಯಲ್ಲ. ರಾತ್ರಿ ಅಲ್ಲಿ ಮಲಗದೆ ಬೆಳಗ್ಗೆಯೂ ಸಂಜೆಯೂ ಬಂದು ಆಹಾರ ನೀರುಗಳನ್ನಿಟ್ಟು, ನಾಯಿಗಳನ್ನು ಅಡ್ಡಾಡಿಸಿ ಹೋಗುವವನಿಗೆ ಅರ್ಧ ಕೂಲಿ ಸಲ್ಲಬೇಕು. ಕೆಲಸವು ಎರಡು ಗಂಟೆಯದಾದರೂ ದಿನದ ಎರಡು ಕೊನೆಗಳನ್ನೂ ಅದು ಕಟ್ಟಿಹಾಕುವುದರಿಂದ ಅವನು ದೂರದ ಕೂಲಿಗೆ ಹೋಗಲಾರನು. ಎರಡು ನಾಯಿಗಳವರೆಗೆ ಈ ದರವು ಸಾಕು. ಅದಕ್ಕೆ ಮೇಲ್ಪಟ್ಟ ಪ್ರತಿ ನಾಯಿಗೂ ಕೂಲಿಯ ಹತ್ತರಲ್ಲೊಂದು ಪಾಲನ್ನು ಸೇರಿಸಬೇಕು. ಮರಿ ಹಾಕಿದ ನಾಯಿಯಾಗಲಿ ಔಷಧ ಕೊಡಬೇಕಾದ ನಾಯಿಯಾಗಲಿ ಇದ್ದರೆ ಕಾಲು ಕೂಲಿಯನ್ನು ಹೆಚ್ಚಿಸಬೇಕು. ಯುಗಾದಿ, ದೀಪಾವಳಿ, ಊರಹಬ್ಬಗಳಂದು ತನ್ನ ಹೆಂಡಿರು ಮಕ್ಕಳನ್ನು ಬಿಟ್ಟು ಪರರ ಮನೆಯನ್ನು ಕಾಯುವವನಿಗೆ ಒಂದೂವರೆ ಕೂಲಿ ಕೊಡುವುದು ಧರ್ಮ. ಹಾಲು ಕರೆಯುವುದು, ತೋಟಕ್ಕೆ ನೀರು ಬಿಡುವುದು ಮೊದಲಾದ ಕೆಲಸಗಳಿಗೆ ಬೇರೆಯೇ ಮಾತಾಗಬೇಕು. ಹೆಂಗಸು ಕಾದರೆ ಕೂಲಿಯನ್ನು ಕಡಿಮೆ ಮಾಡುವುದು ನ್ಯಾಯವೂ ಅಲ್ಲ, ಶಾಸನಸಮ್ಮತವೂ ಅಲ್ಲ.

ಎರಡನೆಯದು ಆಹಾರ. ಸುಮಾರು 20 ಕಿಲೋ ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 1000 ಕಿಲೋಕ್ಯಾಲರಿಗಳಷ್ಟು ಆಹಾರ ಬೇಕು. 200 ಗ್ರಾಂ ರಾಗಿಹಿಟ್ಟಿನ ಮುದ್ದೆ ಅಥವಾ ಅಂಬಲಿ, ಮೂರು ಬೇಯಿಸಿದ ಮೊಟ್ಟೆ, ಕಾಲು ಲೀಟರಿನಷ್ಟು ಮೊಸರು, ಇಷ್ಟರಿಂದ ಕೆಲವು ದಿನಗಳ ಮಟ್ಟಿಗೆ ಅದರ ಅಗತ್ಯವು ಹೆಚ್ಚುಕಡಿಮೆ ಪೂರೈಸುವುದು. ದಿನಕ್ಕೆ ಒಂದು ಲೀಟರಿಗೆ ಕಡಿಮೆಯಿಲ್ಲದಂತೆ ನೀರೂ, ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚಾಗಿಯೂ ಇರತಕ್ಕದ್ದು. ಊಟದಲ್ಲಿ ಮಿಕ್ಕ ಹುಳಿ ಸಾರುಗಳನ್ನು ನಾಯಿಗೆ ಸುರಿಯುವ ವಾಡಿಕೆಯು ಅಪಾಯಕರ. ಈರುಳ್ಳಿಯು ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ. ಬೇಯಿಸಿದ ಕೋಳಿಯ ಮೂಳೆಯು ಸೀಳಾಗಿ ಗಂಟಲನ್ನೂ ಕರುಳನ್ನೂ ಚುಚ್ಚಬಹುದು. ಹಿಟ್ಟನ್ನು ಅಳೆದು ಡಬ್ಬದಲ್ಲಿ ತುಂಬಿಟ್ಟು, ಮೊಟ್ಟೆ ಮೊಸರುಗಳ ಹಣವನ್ನು ಎಣಿಸಿ ಕೊಟ್ಟುಹೋದರೆ ಕಾವಲುಗಾರನಿಗೆ ಸಂದೇಹವಿರದು, ಯಜಮಾನನಿಗೆ ಚಿಂತೆಯಿರದು.

ಮೂರನೆಯದಾದ ಆಪತ್ತಿನ ಲೆಕ್ಕವೇ ಎಲ್ಲಕ್ಕಿಂತ ಮುಖ್ಯವಾದದ್ದು. ಇದನ್ನು ಮರೆಯುವವರೇ ಬಹುಮಂದಿ. ಒಡೆಯನು ಕಾಣದಿರುವಾಗ ಸಾಧುವಾದ ನಾಯಿಯೂ ಕಳವಳಗೊಂಡು ಕಚ್ಚುವುದುಂಟು. ಹುಚ್ಚುನಾಯಿಯ ರೋಗವು ಒಮ್ಮೆ ಲಕ್ಷಣಗಳನ್ನು ತೋರಿದ ಮೇಲೆ ರೋಗಿಯು ಬದುಕುವುದು ಇಲ್ಲವೆಂದೇ ಹೇಳಬೇಕು. ಆದುದರಿಂದ ವರ್ಷಕ್ಕೊಮ್ಮೆ ಚುಚ್ಚುಮದ್ದು ಹಾಕಿಸದ ನಾಯಿಯನ್ನು ಮತ್ತೊಬ್ಬನ ವಶಕ್ಕೆ ಒಪ್ಪಿಸುವ ಹಕ್ಕು ಯಾವ ಯಜಮಾನನಿಗೂ ಇಲ್ಲ. ಪಶುವೈದ್ಯರು ಕೊಟ್ಟ ಚೀಟಿಯನ್ನು ಕಾವಲುಗಾರನಿಗೆ ತೋರಿಸಿಯೇ ಕೆಲಸಕ್ಕೆ ಗೊತ್ತುಮಾಡತಕ್ಕದ್ದು. ಕಚ್ಚಿದ ಪಕ್ಷದಲ್ಲಿ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ಚೆನ್ನಾಗಿ ತೊಳೆದು, ಅರಿಸಿನ, ಸುಣ್ಣ, ಖಾರದ ಪುಡಿ ಮೊದಲಾದುವನ್ನು ಹಚ್ಚದೆ, ಆ ದಿನವೇ ಆಸ್ಪತ್ರೆಗೆ ಹೋಗಬೇಕು.

1907ರಲ್ಲಿ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಯು ಏರ್ಪಟ್ಟ ಕಾಲದಲ್ಲಿ ಈ ಚಿಕಿತ್ಸೆಗಾಗಿ ದೂರ ಪ್ರಯಾಣ ಮಾಡಬೇಕಾಗಿತ್ತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಚುಚ್ಚುಮದ್ದು ಉಚಿತವಾಗಿ ದೊರೆಯುವುದು. ಆದರೆ ಮದ್ದು ಉಚಿತವಾದರೂ ದಿನಗಳು ಉಚಿತವಲ್ಲ. ಒಂದು ತಿಂಗಳ ಅವಧಿಯಲ್ಲಿ ನಾಲ್ಕೈದು ಸಾರಿ ಕೂಲಿ ಬಿಟ್ಟು, ಬಸ್ಸಿನ ಹಣ ತೆತ್ತು, ಆಸ್ಪತ್ರೆಯಲ್ಲಿ ಕಾದಿರಬೇಕು. ಮೊದಲ ಚುಚ್ಚು ಆದ ಮೇಲೆ ಅನೇಕರು ಮಿಕ್ಕವನ್ನು ಬಿಟ್ಟುಬಿಡುವುದಕ್ಕೆ ಈ ನಷ್ಟವೂ ಒಂದು ಕಾರಣ. ಯಜಮಾನನ ನಾಯಿಯು ಕಚ್ಚಿದರೆ ಆ ದಿನಗಳ ಕೂಲಿಯನ್ನೂ ಪ್ರಯಾಣದ ಖರ್ಚನ್ನೂ ಯಜಮಾನನೇ ಕೊಡತಕ್ಕದ್ದು. ಈ ಮಾತನ್ನು ಮೊದಲೇ ಬಾಯಿಬಿಟ್ಟು ಹೇಳಿದಲ್ಲಿ ಒಬ್ಬ ಮನುಷ್ಯನ ಪ್ರಾಣವು ಉಳಿಯಬಹುದು.

ಲೆಕ್ಕವನ್ನು ಒಂದು ಉದಾಹರಣೆಯಿಂದ ತೋರಿಸುವೆವು. ಊರಿನ ಕೂಲಿ 500 ರೂಪಾಯಿ, ನಾಯಿಗಳು ಎರಡು, ಪ್ರಯಾಣ ಹತ್ತು ದಿನ ಎಂದಿಟ್ಟುಕೊಳ್ಳೋಣ. ಕೂಲಿಗೆ 5000 ರೂಪಾಯಿ. ನಾಯಿಗಳಿಗೆ ಪರಿಚಯವಾಗಲೆಂದು ಕಾವಲುಗಾರನು ಮುಂಚಿತವಾಗಿ ಬಂದು ಯಜಮಾನನ ಎದುರಿಗೇ ಆಹಾರ ಹಾಕುವ ಒಂದು ದಿನಕ್ಕೆ ಅರ್ಧ ಕೂಲಿಯಂತೆ 250. ಆಹಾರಕ್ಕೆ ನಾಯಿಯೊಂದಕ್ಕೆ ದಿನಕ್ಕೆ 60 ರೂಪಾಯಿಯಂತೆ 1200. ಒಟ್ಟು 6450 ರೂಪಾಯಿ. ಇದಲ್ಲದೆ ಪಶುವೈದ್ಯರ ಖರ್ಚಿಗೆಂದು 1000 ರೂಪಾಯಿಯನ್ನು ಬೇರೆಯಾಗಿ ಕೊಟ್ಟು, ಖರ್ಚಾಗದಿದ್ದರೆ ಹಿಂದಕ್ಕೆ ಪಡೆಯಬಹುದು. ಆಹಾರದ ಹಣವನ್ನೂ ವೈದ್ಯದ ಹಣವನ್ನೂ ಪೂರ್ತಿಯಾಗಿ ಮುಂಗಡ ಕೊಟ್ಟು, ಕೂಲಿಯಲ್ಲಿ ಅರ್ಧವನ್ನು ಹೊರಡುವ ದಿನ, ಉಳಿದರ್ಧವನ್ನು ಮರಳಿದ ದಿನವೇ ಸಲ್ಲಿಸಬೇಕು.

ಇಷ್ಟು ಹಣವೇ ಎಂದು ಹುಬ್ಬೇರಿಸುವವರು ಇರಬಹುದು. ಹತ್ತು ದಿನ ಹತ್ತು ರಾತ್ರಿ ಒಬ್ಬ ಮನುಷ್ಯನ ಸಂಸಾರವು ಅವನ ಕೂಲಿಯಿಂದಲೇ ನಡೆಯಬೇಕೆಂಬುದನ್ನು ನೆನೆದರೆ ಹುಬ್ಬು ತಾನಾಗಿ ಇಳಿಯುವುದು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬಳಿ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದವರ ಶ್ವಾನ ಸಂಶೋಧನಾ ಕೇಂದ್ರವಿದೆ. ಮುಧೋಳದ ನಾಯಿಯ ಕೀರ್ತಿಯಿಂದಾಗಿ ಮರಿಗೆ ಸಾವಿರಾರು ರೂಪಾಯಿ ತೆರುವವರು ಈಗ ಹಳ್ಳಿಗಳಲ್ಲಿಯೂ ಉಂಟು. ಅಪರಿಚಿತರ ಕೈಯನ್ನು ಸುಲಭವಾಗಿ ಸಹಿಸದ ಆ ಜಾತಿಯ ನಾಯಿಯನ್ನು ಕೊಂಡವರು, ಅದನ್ನು ನೋಡಿಕೊಳ್ಳುವವನಿಗೆ ಒಂದು ದಿನದ ಕೂಲಿ ಕೊಡಲು ಹಿಂಜರಿಯುವುದು ವಿಚಿತ್ರವಲ್ಲವೆ?

"ನೆರೆಹೊರೆಯಲ್ಲಿ ದುಡ್ಡಿನ ಮಾತೇಕೆ? ಇದು ಪರಸ್ಪರ ಉಪಕಾರ" ಎಂದು ಕೆಲವರು ಹೇಳುವರು. ಮುಯ್ಯಾಳಿನ ಪದ್ಧತಿಯು ನಮ್ಮ ಹಳ್ಳಿಗಳ ಭೂಷಣ. ಅದನ್ನು ಕೆಡಿಸಬೇಕೆಂದು ನಾವು ಹೇಳುವುದಿಲ್ಲ. ಇಂದು ನನ್ನ ಮನೆಯನ್ನು ನೀವು ಕಾದು, ನಾಳೆ ನಿಮ್ಮ ಮನೆಯನ್ನು ನಾನು ಕಾಯುವುದಾದರೆ ಅದು ಮುಯ್ಯಿ. ಆದರೆ ಕಾಯುವವನಿಗೆ ಬೀಗ ಹಾಕುವಂತಹ ಮನೆಯೂ ಇಲ್ಲದೆ, ಅವನು ಯಾತ್ರೆಗೆ ಹೋಗುವ ಸಂಭವವೂ ಇಲ್ಲದೆ ಇರುವಾಗ ಆ ಉಪಕಾರವು ಒಂದೇ ಕಡೆಗೆ ಹರಿಯುವುದು. ಅದನ್ನು ಮುಯ್ಯಿ ಎನ್ನಲಾಗದು.

ಇನ್ನು ಕೆಲವರು, "ಅವನು ನಮ್ಮಿಂದ ಸಾಲ ಪಡೆದಿದ್ದಾನೆ, ನಮ್ಮ ಕೊಟ್ಟಿಗೆಯ ಪಕ್ಕದಲ್ಲಿಯೇ ಇದ್ದಾನೆ, ಕಾಯದೆ ಏನು ಮಾಡುವನು?" ಎನ್ನುವರು. ಈ ಮಾತು ಜೀತಕ್ಕೆ ಬಹಳ ಸಮೀಪವಾದದ್ದು. ಸಾಲಕ್ಕೆ ಪ್ರತಿಯಾಗಿ ಬಲವಂತದಿಂದ ಚಾಕರಿ ಮಾಡಿಸುವುದನ್ನು 1976ರ ಜೀತಪದ್ಧತಿ ನಿರ್ಮೂಲನ ಶಾಸನವು ನಿಷೇಧಿಸಿದೆ. ಸಾಲದ ಲೆಕ್ಕ ಬೇರೆ, ಕೂಲಿಯ ಲೆಕ್ಕ ಬೇರೆ.

ಕಾವಲುಗಾರನನ್ನೇ ಇಡದೆ ನಾಯಿಯನ್ನು ಸರಪಳಿಯಲ್ಲಿ ಕಟ್ಟಿ, ಒಂದು ಮಡಕೆ ಅನ್ನವನ್ನಿಟ್ಟು ಹೋಗುವವರೂ ಉಂಟು. ಚಿರತೆಯ ಸಂಚಾರವಿರುವ ಮಲೆನಾಡಿನಲ್ಲಿಯೂ ಮೈಸೂರು ತುಮಕೂರು ಜಿಲ್ಲೆಗಳ ಗುಡ್ಡದ ಸೆರಗಿನ ಗ್ರಾಮಗಳಲ್ಲಿಯೂ ಕಟ್ಟಿದ ನಾಯಿಯು ಚಿರತೆಯನ್ನು ಮನೆಯ ಅಂಗಳಕ್ಕೆ ಕರೆದಂತೆಯೇ ಸರಿ. ಒಂದು ಸಾರಿ ಅಲ್ಲಿ ಬೇಟೆ ಸಿಕ್ಕಿದ ಮೃಗವು ಮತ್ತೆ ಬಾರದಿರುವುದಿಲ್ಲ. ಸರಪಳಿ ಹರಿದುಕೊಂಡ ಹಸಿದ ನಾಯಿಯಾದರೋ ನೆರೆಯವರ ಕೋಳಿ ಕುರಿಗಳ ಮೇಲೆ ಬೀಳುವುದು. ಶಾಲೆಗೆ ಹೋಗುವ ಮಕ್ಕಳಿಗೂ ಅದರ ಭಯ. ನಾಯಿಗೆ ಸಾಕಷ್ಟು ಆಹಾರ, ನೀರು, ನೆರಳುಗಳನ್ನು ಒದಗಿಸದಿರುವುದೂ, ಸದಾ ಕಟ್ಟಿರುವ ನಾಯಿಯನ್ನು ಅಡ್ಡಾಡಿಸದಿರುವುದೂ 1960ರ ಪ್ರಾಣಿಹಿಂಸಾ ನಿವಾರಣ ಶಾಸನದ ಮೇರೆಗೆ ಒಡೆಯನ ಅಪರಾಧಗಳು. ತನ್ನ ವಶದಲ್ಲಿರುವ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ, 2024ನೆಯ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದಂತೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 5000 ರೂಪಾಯಿಗಳವರೆಗೆ ಜುಲ್ಮಾನೆ, ಅಥವಾ ಎರಡೂ ವಿಧಿಸಬಹುದು. ಕೂಲಿಯಲ್ಲಿ ಉಳಿಸಿದ ಹಣವು ಎಲ್ಲಿಗೆ ಹೋಗಬಹುದೆಂಬುದನ್ನು ವಾಚಕರೇ ಊಹಿಸಬಹುದು.

ಗ್ರಾಮದ ಮುಖಂಡರಲ್ಲಿ ನಮ್ಮದೊಂದು ವಿಜ್ಞಾಪನೆಯುಂಟು. ನಾಟಿಗೆ, ಕಳೆಗೆ, ಕೊಯ್ಲಿಗೆ ಊರಿನಲ್ಲಿ ಹೇಗೆ ಒಂದು ದರವು ಎಲ್ಲರಿಗೂ ತಿಳಿದಿರುವುದೋ, ಹಾಗೆಯೇ ಮನೆಗಾವಲಿಗೂ ಒಂದು ದರವನ್ನು ಹತ್ತು ಜನರ ಎದುರಿನಲ್ಲಿ ಗೊತ್ತುಮಾಡಿರಿ. ದರವು ತಿಳಿದಿದ್ದರೆ ಕೇಳುವವನಿಗೆ ಸಂಕೋಚವಿಲ್ಲ, ಕೊಡುವವನಿಗೆ ಚೌಕಾಸಿಯಿಲ್ಲ. ಪಶುವೈದ್ಯರು ಊರಿಗೆ ಬಂದ ದಿನ ಎಲ್ಲ ನಾಯಿಗಳಿಗೂ ಚುಚ್ಚುಮದ್ದು ಹಾಕಿಸಿ, ಹಾಕಿಸಿದವರ ಪಟ್ಟಿಯನ್ನು ಗ್ರಾಮ ಪಂಚಾಯತಿಯ ಕಚೇರಿಯಲ್ಲಿ ಇಡಿಸಿರಿ. ಪ್ರಯಾಣ ಹೊರಡುವ ಯಜಮಾನನು ಕೂಲಿ, ಆಹಾರ, ವೈದ್ಯರ ದೂರವಾಣಿಯ ಸಂಖ್ಯೆ, ಮರಳುವ ದಿನ, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಕಾವಲುಗಾರನಿಗೆ ಓದಿ ಹೇಳಿ ಕೊಡುವ ವಾಡಿಕೆಯನ್ನು ಮೊದಲು ನಿಮ್ಮ ಮನೆಗಳಲ್ಲಿಯೇ ಆರಂಭಿಸಿರಿ.

ನಮ್ಮ ಬೆಳೆಯನ್ನೂ ಕಣವನ್ನೂ ಹಂದಿ ಕಳ್ಳರಿಂದ ಕಾಯುವ ಪ್ರಾಣಿಯು ಸಂಬಳವನ್ನು ಕೇಳುವುದಿಲ್ಲ. ಅದನ್ನು ಕಾಯುವ ಮನುಷ್ಯನು ಸಂಕೋಚದಿಂದ ಕೇಳದಿದ್ದರೂ, ಕೇಳುವುದಕ್ಕೆ ಮುಂಚೆಯೇ ಅವನ ಕೈಗೆ ಸಲ್ಲತಕ್ಕದ್ದನ್ನು ಸಲ್ಲಿಸುವುದು ಭೂಮಿಯುಳ್ಳವರ ಕರ್ತವ್ಯ.